ಕೆಂಪು ರಿಬ್ಬನ್ ಕಟ್ಟಿದ ಅರವತ್ತು ಗಿಡ

ಸಂಶೋಧನೆ ಎಂಬ ಮಾತು ಕಿವಿಗೆ ಬಿದ್ದರೆ ನನಗೆ ಮೊದಲು ನೆನಪಾಗುವುದು ನಮ್ಮ ವಿಭಾಗದ ಬಾಗಿಲ ಪಕ್ಕದಲ್ಲಿದ್ದ ಹೆಬ್ಬೆಟ್ಟಿನ ಯಂತ್ರ. ನನ್ನ ಕೆಲಸವಿದ್ದದ್ದು ಮೂಡಿಗೆರೆಯಿಂದ ಮೇಲೆ ಒಂದು ಕಾಫಿ ತೋಟದಲ್ಲಿ. ಹಾಜರಿಗೆ ಹೆಬ್ಬೆಟ್ಟು ಒತ್ತಬೇಕಾದದ್ದು ಬಯಲಿನ ವಿಶ್ವವಿದ್ಯಾಲಯದಲ್ಲಿ. ನಡುವೆ ನಾಲ್ಕು ಗಂಟೆಯ ಬಸ್ಸು. ತೋಟದಲ್ಲಿದ್ದ ದಿನಗಳಿಗೆಲ್ಲ ಗೈರುಹಾಜರಿ ಬೀಳುತ್ತಿತ್ತು. ಪ್ರತಿ ತಿಂಗಳ ಕೊನೆಗೆ 'ಕ್ಷೇತ್ರಕಾರ್ಯದ ನಿಮಿತ್ತ' ಎಂದು ಅರ್ಜಿ ಬರೆದು ಮೂರು ಸಹಿಗಾಗಿ ಮೂರು ಬಾಗಿಲು ಕಾಯುತ್ತಿದ್ದೆ. ಬೆಳಿಗ್ಗೆ ಹೆಬ್ಬೆಟ್ಟು ಒತ್ತಿ ಸಂಜೆಯವರೆಗೆ ಕ್ಯಾಂಟೀನಿನಲ್ಲಿ ಕೂರುವವರಿಗೆ ಯಾವ ಅರ್ಜಿಯೂ ಬೇಕಿರಲಿಲ್ಲ. ಇದನ್ನು ಬರೆಯುವಾಗ ಈಗಲೂ ಮೈ ಉರಿಯುತ್ತದೆ.

ನಮ್ಮ ಯೋಜನೆಯ ಹೆಸರು ಮೂರು ಸಾಲು ಉದ್ದವಿತ್ತು. ಬಿಡಿಸಿ ಹೇಳಿದರೆ ಇಷ್ಟೇ: ಮರದ ನೆರಳು ಹೆಚ್ಚುಕಡಿಮೆಯಾದರೆ ಅರೇಬಿಕಾ ಕಾಫಿಯ ಫಸಲು ಏನಾಗುತ್ತದೆ, ಅಲ್ಲಿ ದುಡಿಯುವವರ ಕೆಲಸ ಏನಾಗುತ್ತದೆ ಎಂದು ಮೂರು ವರ್ಷ ನೋಡುವುದು. ದೆಹಲಿಯ ಒಂದು ಸಂಸ್ಥೆ ಅನುದಾನ ಕೊಟ್ಟಿತ್ತು. ಹಲವು ವಿಷಯದವರು ಕೂಡಿದರೆ ಮಾತ್ರ ಅನುದಾನ ಎಂಬ ನಿಯಮವಿದ್ದದ್ದರಿಂದ ಸಸ್ಯಶಾಸ್ತ್ರ, ಸಮಾಜಶಾಸ್ತ್ರ, ಸಂಖ್ಯಾಶಾಸ್ತ್ರದ ಮೂವರು ಪ್ರಾಧ್ಯಾಪಕರು ಕೂಡಿದ್ದರು. ಕೂಡಿದ್ದರು ಎಂದರೆ ಅರ್ಜಿಯ ಮೊದಲನೇ ಪುಟದಲ್ಲಿ. ಮೂವರೂ ಒಟ್ಟಿಗೆ ತೋಟಕ್ಕೆ ಬಂದದ್ದು ಒಂದೇ ಸಲ. ಗಿಡಗಳ ನಡುವೆ ನಿಂತು ಫೋಟೋ ತೆಗೆಸಿಕೊಂಡರು, ತೋಟದ ಒಡೆಯರಾದ ಸಾಹುಕಾರರ ಬಂಗಲೆಯಲ್ಲಿ ಕಡುಬು ಕೋಳಿಸಾರು ಉಂಡರು, ಹೋದರು. ಉಳಿದದ್ದೆಲ್ಲ ಯೋಜನಾ ಸಹಾಯಕಿಯಾದ ನನ್ನ ತಲೆಗೆ. ನನ್ನ ಪಿಎಚ್‌ಡಿಯೂ ಅದೇ ಗಿಡಗಳ ಮೇಲೆ ನಿಂತಿತ್ತು, ಹಾಗಾಗಿ ಬಾಯಿ ಮುಚ್ಚಿಕೊಂಡು ಮಾಡಿದೆ.

ತೋಟದ ಹತ್ತು ಎಕರೆಯಲ್ಲಿ ಅರವತ್ತು ಗಿಡ ಆರಿಸಿದ್ದೆ. ದಟ್ಟ ನೆರಳಿನಲ್ಲಿ ಇಪ್ಪತ್ತು, ನಡುನೆರಳಿನಲ್ಲಿ ಇಪ್ಪತ್ತು, ಬಿಸಿಲು ಬೀಳುವಲ್ಲಿ ಇಪ್ಪತ್ತು. ಒಂದೇ ಕಡೆ ಇದ್ದವಲ್ಲ, ಇಲ್ಲೊಂದು ಅಲ್ಲೊಂದು. ಹೂಮಳೆ ಬಿದ್ದ ಮೇಲೆ ಎಷ್ಟು ಹೂವಾಯಿತು, ಅದರಲ್ಲಿ ಎಷ್ಟು ಕಾಯಿ ಕಚ್ಚಿತು, ಕೊನೆಗೆ ಎಷ್ಟು ಹಣ್ಣು ಸಿಕ್ಕಿತು ಎಂದು ಒಂದೊಂದು ರೆಕ್ಕೆಯನ್ನೂ (ಕಾಫಿ ಗಿಡದ ಕೊಂಬೆಗೆ ಅಲ್ಲಿ ಹಾಗೆನ್ನುತ್ತಾರೆ) ಹಿಡಿದು ಎಣಿಸಬೇಕು. ಮೊದಲ ವರ್ಷ ಕತ್ತು ನೋವಿಗೆ ಮುಲಾಮು ಹಚ್ಚಿಕೊಂಡೇ ಎಣಿಸಿದ್ದು ನೆನಪಿದೆ.

ಎಣಿಸುವುದನ್ನು ನಾನು ಓದಿ ಕಲಿತಿದ್ದೆ. ತೋಟದಲ್ಲಿ ನಡೆಯುವುದನ್ನು, ಜಾರದೆ ಇಳಿಯುವುದನ್ನು ಕಲಿಸಿದವರು ಅಲ್ಲಿನ ಮೇಸ್ತ್ರಿ. ಆಳುಗಳನ್ನು ಸಾಲಿಗೆ ಹಚ್ಚಿ ಕೆಲಸ ತೆಗೆಸುವ ಆ ಜಾಗಕ್ಕೆ ಹೆಂಗಸೊಬ್ಬರು ಬಂದದ್ದು ಆ ತೋಟದಲ್ಲಿ ಅದೇ ಮೊದಲು. ನಲವತ್ತೈದರ ಆಸುಪಾಸಿನವರು, ಅಲ್ಲಿಯ ಆಳುಗಳ ಲೈನ್‌ಮನೆಯಲ್ಲೇ ಹುಟ್ಟಿ ಬೆಳೆದವರು. ನಾನು ಅವರನ್ನು ಅಕ್ಕ ಎನ್ನುತ್ತಿದ್ದೆ. ಅವರು ನನ್ನನ್ನು ಮೇಡಂ ಎಂದು ಕರೆದೇ ಮಗುವಿಗೆ ಬೈದ ಹಾಗೆ ಬೈಯುತ್ತಿದ್ದರು. "ಎಂತ ಮೇಡಂ, ಇಂಬಳ ಕಾಲಿಗೆ ಹತ್ತಿ ಅರ್ಧ ಗಂಟೆ ಆಯ್ತು, ರಕ್ತ ಸುರೀತಾ ಉಂಟು, ನೀವು ಇನ್ನೂ ಹೂವಲ್ಲೇ ಇದ್ದೀರಲ್ಲ" ಎಂದು ಸುಣ್ಣ ಹೊಗೆಸೊಪ್ಪು ಕಟ್ಟಿದ ಬಟ್ಟೆಯನ್ನು ಕಾಲಿಗೆ ಒತ್ತುತ್ತಿದ್ದರು.

ಅವರಿಗೆ ಮೇಸ್ತ್ರಿಕೆ ಸಿಕ್ಕಿ ಎರಡು ವರ್ಷವಾಗಿತ್ತು. ಹಿಂದಿನ ಮೇಸ್ತ್ರಿಯ ಅಳಿಯ ಆ ಜಾಗದ ಮೇಲೆ ಕಣ್ಣಿಟ್ಟು ಕೂತಿದ್ದ. ಗಂಡಾಳುಗಳಲ್ಲಿ ಕೆಲವರು ಅಕ್ಕನ ಮಾತಿಗೆ ಹೂಂ ಎನ್ನಲೂ ಬಾಯಿ ಬಿಡುತ್ತಿರಲಿಲ್ಲ. "ಒಂದು ತಪ್ಪು ಸಿಕ್ಕಿದ್ರೆ ಸಾಕು ಮೇಡಂ ಇವ್ರಿಗೆ, ನನ್ನನ್ನ ವಾಪಸ್ ಸಾಲಿಗೆ ನಿಲ್ಲಿಸ್ತಾರೆ" ಎಂದು ಒಮ್ಮೆ ಹೇಳಿದ್ದರು. ಆ ಒಂದು ತಪ್ಪನ್ನು ನಾನೇ ತಂದುಕೊಡುತ್ತೇನೆ ಎಂದು ಇಬ್ಬರಿಗೂ ಗೊತ್ತಿರಲಿಲ್ಲ.

ಗಿಡಗಳಿಗೆ ಗುರುತು ಬೇಕಲ್ಲ. ಯೋಜನೆ ಶುರುವಾದ ಮೊದಲ ತಿಂಗಳೇ ಅಲ್ಯೂಮಿನಿಯಂ ಬಿಲ್ಲೆಗಳಿಗೆ ಕೋರಿಕೆ ಬರೆದೆ. ಒಂದರಿಂದ ಅರವತ್ತರವರೆಗೆ ನಂಬರು ಕೊರೆದ ಬಿಲ್ಲೆ, ತಂತಿಯಲ್ಲಿ ಕಟ್ಟುವಂಥದ್ದು. ಉಗ್ರಾಣದವರು ಮೂರು ಕಡೆಯಿಂದ ದರಪಟ್ಟಿ ತನ್ನಿ ಎಂದರು. ತಂದೆ. ಒಂದಕ್ಕೆ ಮುದ್ರೆ ಇಲ್ಲ ಎಂದರು. ಹಾಕಿಸಿದೆ. ಅಷ್ಟರಲ್ಲಿ ಖರೀದಿ ಸಮಿತಿಯ ಅವಧಿ ಮುಗಿದಿತ್ತು. ಹೊಸ ಸಮಿತಿ ಬಂದು, ಬಿಲ್ಲೆ ಎಂದರೆ ಉಪಕರಣವೋ ಬಳಸಿ ಬಿಸಾಡುವ ವಸ್ತುವೋ ಎಂದು ಕೇಳಿ ಕಡತ ವಾಪಸು ಕಳಿಸಿತು. ಕಾದು ಸಾಕಾಗಿ ಹಳದಿ ಪ್ಲಾಸ್ಟಿಕ್ ರಿಬ್ಬನ್ ತಂದು, ಮಾಸದ ಶಾಯಿಯಲ್ಲಿ ನಂಬರು ಬರೆದು ಕಟ್ಟಿದೆ. ಎರಡು ಮಳೆಗಾಲ ತಡೆಯಿತು. ಮೂರನೆಯದಕ್ಕೆ ಬಣ್ಣ ಹೋಗಿ, ಮುಟ್ಟಿದರೆ ಪುಡಿಯಾಗತೊಡಗಿತು.

ಆ ವರ್ಷ ಸೆಪ್ಟೆಂಬರಿನಲ್ಲಿ ಮಳೆ ಸ್ವಲ್ಪ ಹೊಳವಾದಾಗ ಹೊಸ ರಿಬ್ಬನ್ನಿಗೆಂದು ಮೂಡಿಗೆರೆ ಪೇಟೆಗೆ ಹೋದೆ. ಹಳದಿ ಇರಲಿಲ್ಲ, ನೀಲಿ ಇರಲಿಲ್ಲ. "ಕೆಂಪು ಎಷ್ಟು ಬೇಕಾದ್ರೂ ಉಂಟು, ಈಗ ಎಲ್ಲ ತೋಟದವ್ರೂ ಅದನ್ನೇ ತಗೊಂಡು ಹೋಗೋದು" ಎಂದ ಅಂಗಡಿಯವನು. ಏಕೆ ಒಯ್ಯುತ್ತಾರೆ ಎಂದು ಕೇಳುವಷ್ಟು ಬುದ್ಧಿ ನನಗೆ ಹುಟ್ಟಲಿಲ್ಲ. ಅರವತ್ತು ಗಿಡಕ್ಕೂ ನಂಬರು ಬರೆದು ಕೆಂಪು ಕಟ್ಟಿ, ಹಳೆಯದನ್ನು ಬಿಚ್ಚಿ ಚೀಲಕ್ಕೆ ಹಾಕಿಕೊಂಡೆ. ದೆಹಲಿಯಿಂದ ಬರುವ ಪರಿಶೀಲನಾ ಸಮಿತಿಗೆ ಸ್ಲೈಡು ತಯಾರಿಸಬೇಕು, ಕೂಡಲೇ ಬಾ ಎಂದು ವಿಭಾಗದಿಂದ ಫೋನು ಬಂದಿತ್ತು. ತೋಟದ ಲೆಕ್ಕ ಬರೆಯುವ ರೈಟರ್ ರಜೆಯಲ್ಲಿದ್ದರು, ಅಕ್ಕ ಬೇರೆ ಬ್ಲಾಕಿನಲ್ಲಿದ್ದರು. ಯಾರಿಗೂ ಒಂದು ಮಾತು ಹೇಳದೆ ಬಸ್ಸು ಹತ್ತಿದೆ.

ಹತ್ತು ದಿನ ಬಿಟ್ಟು ಬಂದರೆ ಒಂದನೇ ನಂಬರಿನ ಗಿಡ ಇರಬೇಕಾದ ಕಡೆ ಗುಂಡಿ. ದಾರಿ ತಪ್ಪಿತೇನೋ ಎಂದುಕೊಂಡು ಎರಡನೆಯದಕ್ಕೆ ಹೋದೆ. ಅಲ್ಲೂ ಗುಂಡಿ. ಆಮೇಲೆ ಓಡಿದೆ. ಅರವತ್ತಕ್ಕೆ ಅರವತ್ತೂ ಇರಲಿಲ್ಲ. ಕೆಳಗೆ ಕಣದ ಪಕ್ಕ ದೊಡ್ಡ ಬೂದಿಗುಡ್ಡೆ, ಅದರ ಅಂಚಿನಲ್ಲಿ ಅರೆಬೆಂದ ಬೇರುಗಳು. ಅಲ್ಲೇ ನೆಲದ ಮೇಲೆ ಕೂತು ಅತ್ತೆ, ನಾಚಿಕೆಯಿಲ್ಲದೆ ಅತ್ತೆ.

ಅಕ್ಕ ಬಂದು ನಿಂತರು. "ಕೆಂಪು ಕಟ್ಟಿತ್ತಲ್ಲ ಮೇಡಂ, ತೆಗೆಸಿದೆ" ಎಂದರು. ಅವರ ಮುಖ ಬಿಳುಚಿತ್ತು.

ಆಗ ಗೊತ್ತಾಯಿತು. ಅರೇಬಿಕಾ ಕಾಂಡವನ್ನು ಒಳಗಿನಿಂದ ಕೊರೆದು ತಿನ್ನುವ ಒಂದು ಹುಳ ಇದೆ, ತೋಟದವರು ಬೋರರ್ ಎನ್ನುತ್ತಾರೆ. ಅದು ರೆಕ್ಕೆ ಮೂಡಿ ಹೊರಗೆ ಹಾರುವ ಮೊದಲು ಗಿಡ ಹುಡುಕಿ ಕಿತ್ತು ಸುಡಬೇಕು. ಮುಂದೆ ಇಬ್ಬರು ಅನುಭವಸ್ಥರು ಹುಳ ಹತ್ತಿದ ಗಿಡಕ್ಕೆ ಕೆಂಪು ರಿಬ್ಬನ್ ಕಟ್ಟುತ್ತ ಹೋಗುತ್ತಾರೆ, ಹಿಂದಿನಿಂದ ಮೇಸ್ತ್ರಿಯ ತಂಡ ಕೀಳುತ್ತ ಬರುತ್ತದೆ. ಸೆಪ್ಟೆಂಬರ್ ಅಂದರೆ ಅದೇ ಕೆಲಸದ ತಿಂಗಳು. ಆ ಸೀಮೆಯ ಆರು ವರ್ಷದ ಮಕ್ಕಳಿಗೂ ಇದು ಗೊತ್ತು. ನಾನೂ ಕಾಫಿ ಸೀಮೆಯವಳೇ, ಆದರೆ ನಮ್ಮ ಮನೆ ಕಳಸದ ಕಡೆ, ನಮ್ಮದು ಎರಡು ಎಕರೆ ರೋಬಸ್ಟಾ. ಆ ಹುಳ ರೋಬಸ್ಟಾದ ತಂಟೆಗೆ ಬರುವುದಿಲ್ಲ. ಅಪ್ಪ ಕೆಂಪು ರಿಬ್ಬನ್ ಕಟ್ಟಿದ್ದನ್ನು ನಾನು ಜನ್ಮದಲ್ಲಿ ನೋಡಿಲ್ಲ. ಹುಳದ ಲ್ಯಾಟಿನ್ ಹೆಸರು ಮಾತ್ರ ಪರೀಕ್ಷೆಗೆ ಬಾಯಿಪಾಠ ಮಾಡಿದ್ದೆ.

ಸಾಹುಕಾರರು ಚಿಕ್ಕಮಗಳೂರಿನಲ್ಲಿ ಮನೆ ಮಾಡಿಕೊಂಡು ವಾರಕ್ಕೆರಡು ಸಲ ತೋಟಕ್ಕೆ ಬರುವವರು. ಒಳ್ಳೆಯವರೇ, ಆದರೆ ಯೂನಿವರ್ಸಿಟಿ ತಮ್ಮ ತೋಟವನ್ನು ಆರಿಸಿತು ಎಂಬ ಹೆಮ್ಮೆ ಅವರಿಗೆ ಸ್ವಲ್ಪ ಜಾಸ್ತಿ. ಸುದ್ದಿ ಕೇಳಿ ಕೆಂಡವಾದರು. "ಪ್ರೊಫೆಸರ್‌ಗೆ ಮಾತು ಕೊಟ್ಟವನು ನಾನು. ನನ್ನ ತೋಟದಲ್ಲೇ ಹೀಗಾಯ್ತಲ್ಲ."

"ಕೆಂಪು ಕಟ್ಟಿದ್ದು ನಾನೇ ಸರ್, ತಪ್ಪು ನನ್ನದು" ಎಂದೆ.

"ನೀನು ಕಟ್ಟಿದ್ದು ಇರ್ಲಿ ಮಾರಾಯ್ತಿ. ಅರವತ್ತು ಗಿಡ ಕೀಳುವಾಗ ಮೇಸ್ತ್ರಿಗೆ ಕಣ್ಣಿರಲಿಲ್ವಾ?" ಎಂದು ಅಕ್ಕನ ಕಡೆ ತಿರುಗಿದರು. ಅಕ್ಕ ನೆಲ ನೋಡುತ್ತ ನಿಂತರು. ಹಿಂದಿನ ಮೇಸ್ತ್ರಿಯ ಅಳಿಯ ಸ್ವಲ್ಪ ದೂರದಲ್ಲಿ ಕತ್ತಿ ಮಸೆಯುತ್ತಿದ್ದವನು ಮಸೆಯುವುದನ್ನು ನಿಲ್ಲಿಸಿ ಕೇಳಿಸಿಕೊಳ್ಳುತ್ತಿದ್ದ. ಸಾಹುಕಾರರು ಕೊನೆಗೆ ನನಗೇ ಹೇಳಿದರು: "ಬಾಯಿಮಾತು ಬೇಡ. ನಿಮ್ಮ ಯೂನಿವರ್ಸಿಟಿಯಿಂದ ಒಂದು ಪತ್ರ ತಗೊಂಡು ಬಾ. ತಪ್ಪು ಯಾರದ್ದು ಅಂತ ಅದರಲ್ಲಿರ್ಲಿ. ಹಣ್ಣು ಕೊಯ್ಲು ಶುರುವಾಗೋ ತನಕ ಕಾಯ್ತೀನಿ, ಅಲ್ಲಿವರೆಗೆ ಇವಳೇ ಮೇಸ್ತ್ರಿ."

ಪೇಟೆಗೆ ಹೋಗಲು ನಾನು ತೋಟದ ಜೀಪು ಹತ್ತುವಾಗ ಅಕ್ಕ ಹತ್ತಿರ ಬಂದು, "ಬೇಗ ತನ್ನಿ ಮೇಡಂ" ಎಂದಷ್ಟೇ ಅಂದರು. ಕೊಯ್ಲಿಗೆ ಇನ್ನೂ ಎರಡು ತಿಂಗಳಿತ್ತು. ಒಂದು ಪತ್ರಕ್ಕೆ ಎರಡು ತಿಂಗಳು ಏತಕ್ಕೆ, ಎರಡು ದಿನ ಸಾಕು ಎಂದು ನಾನು ಧೈರ್ಯ ಹೇಳಿದೆ.

ವಿಶ್ವವಿದ್ಯಾಲಯದಲ್ಲಿ ನಮ್ಮ ಸಸ್ಯಶಾಸ್ತ್ರದ ಪ್ರಾಧ್ಯಾಪಕರೇ ಯೋಜನೆಯ ಮುಖ್ಯಸ್ಥರು. ನಾನು ಹೇಳಿದ್ದನ್ನೆಲ್ಲ ಕಣ್ಣು ಮುಚ್ಚಿ ಕೇಳಿದರು. "ನೋಡಮ್ಮ, ತೋಟದ ಸಿಬ್ಬಂದಿಯ ಅಜಾಗರೂಕತೆಯಿಂದ ಮಾದರಿಗಳು ನಾಶವಾಗಿರುತ್ತವೆ ಅಂತ ಒಂದು ಸಾಲು ಹಾಕು. ಮುಗೀತು."

"ಸರ್, ಆ ಸಾಲು ಪತ್ರದಲ್ಲಿದ್ದರೆ ಅವರ ಮೇಸ್ತ್ರಿಕೆ ಹೋಗುತ್ತೆ. ಕೆಂಪು ಕಟ್ಟಿದ್ದು ನಾನು."

"ಹಾಗೆ ಬರೆದರೆ ತಪ್ಪು ಯೂನಿವರ್ಸಿಟಿದಾಗುತ್ತೆ. ಸಮಿತಿ ಬರೋ ಹೊತ್ತಲ್ಲಿ ಬೇಕಾ ಅದು?"

ಸಂಖ್ಯಾಶಾಸ್ತ್ರದ ಪ್ರಾಧ್ಯಾಪಕರ ಹತ್ತಿರ ಹೋದೆ. ಅವರಿಗೆ ಬೇಸರವೇ ಆಗಲಿಲ್ಲ. ಎರಡು ವರ್ಷದ ಅಂಕಿ ಇದೆಯಲ್ಲ, ಮೂರನೆಯದನ್ನು ಕಂಪ್ಯೂಟರೇ ತುಂಬಿಕೊಡುತ್ತದೆ, ಅದಕ್ಕೆ ಒಪ್ಪಿತವಾದ ವಿಧಾನವಿದೆ ಎಂದು ಬೋರ್ಡಿನ ಮೇಲೆ ಬರೆದು ತೋರಿಸಿದರು. ಸಮಾಜಶಾಸ್ತ್ರದ ಮೇಡಂ ಅಂತೂ ಖುಷಿಯಾಗಿಬಿಟ್ಟರು. "ಎಂಥಾ ಕೇಸ್ ಕಣೇ ಇದು. ಪುಸ್ತಕದ ಜ್ಞಾನ, ತೋಟದ ಜ್ಞಾನ, ನಡುವೆ ಒಂದು ಬಣ್ಣ. ಆ ಮೇಸ್ತ್ರಿದು ಒಂದು ಸಂದರ್ಶನ ಮಾಡ್ಕೊಂಡು ಬಾ. ಅಳು ಬಂದರೆ ರೆಕಾರ್ಡರ್ ಆಫ್ ಮಾಡಬೇಡ." ಮೂರು ವಿಷಯ, ಮೂರು ಕೋಣೆ. ಆ ಹೆಂಗಸಿನ ಕೆಲಸದ ಗತಿಯೇನು ಎಂದು ಒಬ್ಬರಾದರೂ ಕೇಳಲಿಲ್ಲ. ಗೋಡೆಗೆ ತಲೆ ಚಚ್ಚಿಕೊಳ್ಳುವ ಹಾಗಾಗಿತ್ತು ನನಗೆ.

ನಾನೇ ಒಂದು ಪತ್ರ ಬರೆದೆ. ಕೆಂಪು ರಿಬ್ಬನ್ ಬಳಸಿದ್ದು ಯೋಜನಾ ಸಹಾಯಕಿಯ ತಪ್ಪು, ತೋಟದ ಮೇಸ್ತ್ರಿಯವರು ತಮ್ಮ ಕೆಲಸದ ಪದ್ಧತಿಯಂತೆಯೇ ನಡೆದಿದ್ದಾರೆ, ಅವರ ಮೇಲೆ ಯಾವ ಹೊಣೆಯೂ ಇಲ್ಲ ಎಂದು. ಮುಖ್ಯಸ್ಥರು ಓದಿ, "ಟೇಬಲ್ ಮೇಲೆ ಇಡು, ನೋಡೋಣ" ಎಂದರು. ಇಟ್ಟೆ.

ಇಲ್ಲಿ ನನ್ನ ಬಗ್ಗೆಯೂ ಒಂದು ಮಾತು ಹೇಳಬೇಕು, ಮುಚ್ಚಿಟ್ಟರೆ ಮೋಸವಾಗುತ್ತದೆ. ನನ್ನ ಅವಧಿಯನ್ನು ಇನ್ನೊಂದು ವರ್ಷ ವಿಸ್ತರಿಸುವ ಅರ್ಜಿಯೂ ಅದೇ ಮೇಜಿನ ಮೇಲೆ, ಅದೇ ಸಹಿಗೆ ಕಾದಿತ್ತು. ದಿನಾ ಒಳಗೆ ಹೋಗುತ್ತಿದ್ದೆ. ಎರಡೂ ಕಾಗದ ಕಾಣುತ್ತಿದ್ದವು. ಪತ್ರದ ಬಗ್ಗೆ ಜೋರು ಮಾಡಿದರೆ ಅರ್ಜಿ ಎಲ್ಲಿ ಬಿದ್ದುಹೋಗುತ್ತದೋ ಎಂಬ ಭಯಕ್ಕೆ ಬಾಯಿ ಕಟ್ಟುತ್ತಿತ್ತು. ಪತ್ರದ ಒಂದು ಪ್ರತಿಗೆ ನಾನೇ ಸಹಿ ಹಾಕಿ ಸಾಹುಕಾರರಿಗೆ ಅಂಚೆಗೆ ಹಾಕಬಹುದಿತ್ತು. ಅದು ಹೊಳೆಯದೆ ಹೋಯಿತು ಎಂದರೆ ಸುಳ್ಳು. ಹೊಳೆದಿತ್ತು, ಮಾಡಲಿಲ್ಲ.

ಅಕ್ಟೋಬರಿನಲ್ಲಿ ಅಕ್ಕ ಫೋನು ಮಾಡಿದರು. "ಪತ್ರ ಆಯ್ತಾ ಮೇಡಂ?"

"ಸಹಿಗೆ ಹೋಗಿದೆ ಅಕ್ಕ."

ನವೆಂಬರಿನಲ್ಲಿ ಮತ್ತೆ ಮಾಡಿದರು. "ಗಿಡದಲ್ಲಿ ಹಣ್ಣು ಕೆಂಪಾಗ್ತಾ ಉಂಟು. ಸಹಿ ಹಾಕೋದು ಅಷ್ಟು ದೊಡ್ಡ ಕೆಲಸವಾ ಮೇಡಂ?" ಆಮೇಲೆ ಅವರ ಫೋನು ಬರಲಿಲ್ಲ.

ಅದರ ಮರುವಾರ ಪರಿಶೀಲನಾ ಸಮಿತಿ ಬಂತು. ಗೋಡಂಬಿ, ಬಿಸ್ಕತ್ತು, ಹೂಗುಚ್ಛ. ಮೂವರು ಪ್ರಾಧ್ಯಾಪಕರೂ ಒಂದೇ ಸಾಲಿನಲ್ಲಿ ಕೂತಿದ್ದರು. ಪರದೆಯ ಮೇಲೆ ಮೂರು ವರ್ಷದ ಅಂಕಿಗಳು, ಅರವತ್ತು ಗಿಡಕ್ಕೂ ಬಣ್ಣಬಣ್ಣದ ಕಂಬಗಳು. ಮೂರನೇ ವರ್ಷದ ಕಂಬಗಳು ಅಂದಾಜಿನವು ಎಂದು ಕೆಳಗೆ ಇರುವೆ ಸಾಲಿನಂಥ ಅಕ್ಷರದಲ್ಲಿ ಬರೆದಿತ್ತು, ಯಾರೂ ಬಗ್ಗಿ ನೋಡಲಿಲ್ಲ. ಆ ಸ್ಲೈಡು ಮಾಡಿದವಳು ನಾನೇ. ಬೇರೆ ಬೇರೆ ಶಾಸ್ತ್ರಗಳು ಹೀಗೆ ಕೈಜೋಡಿಸಿದ್ದು ತಮಗೆ ತುಂಬ ಸಂತೋಷ ತಂದಿದೆ ಎಂದು ಸಮಿತಿಯ ಹಿರಿಯರು ಹೇಳಿ ಊಟಕ್ಕೆ ಎದ್ದರು. ಆ ಸಂತೋಷದಲ್ಲೇ ಮುಖ್ಯಸ್ಥರು ನನ್ನ ವಿಸ್ತರಣೆಗೆ ಸಹಿ ಹಾಕಿದರು. ಅದೇ ವಾರ ಉಗ್ರಾಣದಿಂದ ಒಂದು ಪೆಟ್ಟಿಗೆ ಬಂತು. ಒಳಗೆ ಅರವತ್ತು ಅಲ್ಯೂಮಿನಿಯಂ ಬಿಲ್ಲೆ, ನಂಬರು ಚೆಂದವಾಗಿ ಕೊರೆದಿದ್ದರು. ತಲುಪಿದೆ ಎಂದು ಸಹಿ ಹಾಕಿಸಿಕೊಂಡು ಹೋದರು.

ಪತ್ರ ಕೈಗೆ ಬಂದಾಗ ಡಿಸೆಂಬರು. ನಾನು ಬರೆದದ್ದರಲ್ಲಿ ಒಂದಕ್ಷರ ಉಳಿದಿರಲಿಲ್ಲ. 'ತಾಂತ್ರಿಕ ಕಾರಣಗಳಿಂದ ಕೆಲವು ಮಾದರಿಗಳು ಲಭ್ಯವಿರುವುದಿಲ್ಲ. ತಮ್ಮ ಅಮೂಲ್ಯ ಸಹಕಾರಕ್ಕೆ ವಂದನೆಗಳು.' ಕೆಳಗೆ ಸಹಿ, ಮುದ್ರೆ. ಅದನ್ನು ಹರಿದು ಮುಖದ ಮೇಲೆ ಎಸೆಯಬೇಕೆನಿಸಿತು. ಎಸೆಯಲಿಲ್ಲ. ಮಡಿಸಿ ಚೀಲದಲ್ಲಿಟ್ಟುಕೊಂಡು ಬೆಳಿಗ್ಗೆಯ ಬಸ್ಸು ಹಿಡಿದೆ. ಬಸ್ಸಿನ ತುಂಬ ಹೊರನಾಡಿಗೆ ಹೋಗುವ ಭಕ್ತರು, ಮೂಡಿಗೆರೆಯವರೆಗೆ ನಿಂತೇ ಬಂದೆ.

ಸಾಹುಕಾರರು ಕಣದಲ್ಲಿದ್ದರು, ಹಣ್ಣು ಬಂದು ಬೀಳುತ್ತಿತ್ತು. ಪತ್ರವನ್ನು ಎರಡು ಸಲ ಓದಿದರು. "ತಾಂತ್ರಿಕ ಕಾರಣ ಅಂದ್ರೆ ಎಂತ?"

"ನಾನು ಸರ್" ಎಂದೆ. ಆಮೇಲೆ ಎಲ್ಲವನ್ನೂ ಹೇಳಿದೆ. ಮೇಜು, ಎರಡು ಕಾಗದ, ನನ್ನ ಭಯ, ಒಂದನ್ನೂ ಬಿಡಲಿಲ್ಲ. ಸಾಹುಕಾರರು ಕನ್ನಡಕ ತೆಗೆದು ಒರೆಸಿಕೊಂಡರು.

"ಇಷ್ಟನ್ನ ನೀನೇ ಒಂದು ಹಾಳೇಲಿ ಬರೆದು ಕಳಿಸಿದ್ರೆ ಆಗ್ತಿತ್ತಲ್ಲ ಮಾರಾಯ್ತಿ. ಕೊಯ್ಲು ಶುರುವಾಗಿ ಮೂರು ವಾರ ಆಯ್ತು. ನಾನು ಹೇಳಿದ ಮಾತಿನಂತೆ ಬೇರೆ ಮೇಸ್ತ್ರಿ ಇಟ್ಟಾಯ್ತು. ಈಗ ನಡುವಲ್ಲಿ ಅವನನ್ನ ತೆಗೆಯೋಕೆ ಬರಲ್ಲ. ಕೊಯ್ಲು ಮುಗೀಲಿ, ನೋಡುವ."

ನೋಡುವ ಎಂದರೆ ಏನೆಂದು ನನಗೆ ಗೊತ್ತಿತ್ತು. ಮೂರು ವರ್ಷ ಅದನ್ನೇ ಕೇಳಿಕೊಂಡು ಬಂದವಳು.

ಅಕ್ಕ ಇಳಿಜಾರಿನ ಸಾಲಿನಲ್ಲಿ, ಸೊಂಟಕ್ಕೆ ಚೀಲ ಕಟ್ಟಿಕೊಂಡು ಉಳಿದವರ ಜೊತೆ ಹಣ್ಣು ಕುಯ್ಯುತ್ತಿದ್ದರು. ಹೊಸ ಮೇಸ್ತ್ರಿ, ಅದೇ ಅಳಿಯ, ದಾರಿಯ ಮೇಲೆ ನಿಂತಿದ್ದ. ನಾನು ಸಾಲಿನೊಳಗೆ ಇಳಿದೆ.

"ಬಂ​ದ್ರಾ ಮೇಡಂ" ಎಂದರು. ಕೈ ನಿಲ್ಲಲಿಲ್ಲ.

"ತಪ್ಪಾಯ್ತು ಅಕ್ಕ. ಪತ್ರ ತಡವಾಯ್ತು. ತಂದದ್ದೂ ಪ್ರಯೋಜನಕ್ಕಿಲ್ಲದ್ದು."

"ಅದಿರ್ಲಿ. ನಿಮ್ಮತ್ರ ಒಂದು ಕೇಳೋದಿತ್ತು. ಫೋನಲ್ಲಿ ಕೇಳೋಕೆ ಮನಸ್ಸಾಗ್ಲಿಲ್ಲ." ಒಂದು ರೆಕ್ಕೆ ಮುಗಿಸಿ ಇನ್ನೊಂದನ್ನು ಬಗ್ಗಿಸಿಕೊಂಡರು. "ಅವತ್ತು ಕೀಳುವ ಮೊದಲು ಹತ್ತು ಹನ್ನೆರಡು ಗಿಡದ ಬುಡ ನಾನು ಸವರಿ ನೋಡಿದೆ. ಬೋರರ್ ಇದ್ರೆ ತೊಗಟೆ ಉಬ್ಬಿರ್ತದೆ, ಕೈಗೆ ಗೊತ್ತಾಗ್ತದೆ. ಒಂದರಲ್ಲೂ ಸಿಕ್ಕಲಿಲ್ಲ. ಆದ್ರೆ ರಿಬ್ಬನ್ ಮೇಲೆ ನಿಮ್ಮ ಅಕ್ಷರ ಇತ್ತು. ಮೇಡಂ ಓದಿದವ್ರು, ಮಿಷನ್ ಇಟ್ಟು ನೋಡಿ ಅವ್ರೇ ಕೆಂಪು ಕಟ್ಟಿದ್ದಾರೆ, ಅವ್ರ ಮೇಲೆ ನಾನು ಅನುಮಾನ ಪಡೋದಾ ಅಂತ ಸುಮ್ಮನಾದೆ. ಸಾಹುಕಾರ್ರು ಕಣ್ಣಿರಲಿಲ್ವಾ ಅಂದಾಗಲೂ ಇದನ್ನ ಹೇಳ್ಲಿಲ್ಲ. ಆ ಗಿಡದಲ್ಲಿ ಹುಳ ಇತ್ತಾ, ಇರ್ಲಿಲ್ವಾ?"

ನನಗೆ ಅವರ ಮುಖ ನೋಡಲಾಗಲಿಲ್ಲ. "ಇರ್ಲಿಲ್ಲ ಅಕ್ಕ. ಒಂದರಲ್ಲೂ ಇರ್ಲಿಲ್ಲ. ನಿಮ್ಮ ಕೈಗೆ ಗೊತ್ತಾಗಿದ್ದೇ ಸರಿ."

ಅವರ ಕೈ ಈಗ ನಿಂತಿತು. ಸೆರಗಿನಿಂದ ಕುತ್ತಿಗೆ ಒರೆಸಿಕೊಂಡರು. "ಅದನ್ನ ಇಲ್ಲಿರೋ ಎಲ್ರಿಗೂ ಕೇಳುವ ಹಾಗೆ ಹೇಳಿ."

ನಾನು ಸಾಲಿನವರ ಕಡೆ ತಿರುಗಿ ನಿಂತೆ. ಗಿಡಗಳಿಗೆ ಹುಳ ಇರಲಿಲ್ಲ, ಗೊತ್ತಿಲ್ಲದೆ ಕೆಂಪು ಕಟ್ಟಿದವಳು ನಾನು, ಹುಳ ಇಲ್ಲವೆಂದು ಇವರಿಗೆ ಅವತ್ತೇ ಗೊತ್ತಾಗಿತ್ತು, ನನ್ನನ್ನು ನಂಬಿ ಇವರು ಕೆಟ್ಟರು ಎಂದು ಹೇಳಿದೆ. ಕುಯ್ಯುತ್ತಿದ್ದವರು ತಿರುಗಿ ನೋಡಿದರು. ಹೊಸ ಮೇಸ್ತ್ರಿ ಜೇಬಿನಿಂದ ಫೋನು ತೆಗೆದು ಅದನ್ನೇ ನೋಡತೊಡಗಿದ.

"ಮೇಲಿನ ಸಾಲಿನವ್ರಿಗೆ ಕೇಳ್ಲಿಲ್ಲ" ಎಂದರು ಅಕ್ಕ.

ನಾನು ಮೇಲಿನ ಸಾಲಿಗೆ ಹತ್ತಿದೆ.